ಬೀಗಕ್ಕೆ ಬಗ್ಗದವನು ಬೀಗಿತ್ತಿಗೆ ಬಗ್ಗಿದ್ದು

ಎರಡು ಹಳೆಯ ಕಟ್ಟಡಗಳ ನಡುವೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬೀಗದಣ್ಣನ ಅಂಗಡಿ. ಒಬ್ಬರು ಕೂರಬಹುದು, ಇನ್ನೊಬ್ಬರು ಬಗ್ಗಿ ನಿಲ್ಲಬಹುದು, ಮೂರನೆಯವರು ಬಂದರೆ ರಸ್ತೆಯಲ್ಲೇ ಕಾಯಬೇಕು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಕತ್ತರಿಸದ ಕೀಲಿಕೈಗಳು. ಕೀಲಿಕೈಯ ನಕಲು ಮಾಡುವುದು, ತುಕ್ಕು ಹಿಡಿದ ಬೀಗ ಬಿಡಿಸುವುದು, ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಬಂದವರ ಜೊತೆ ಹೋಗಿ ಬಾಗಿಲು ತೆಗೆದುಕೊಡುವುದು, ಇದು ಅವನ ಕಸುಬು. ಬಾಗಿಲು ತೆಗೆದ ಮೇಲೆ ಮನೆಯವರು ಖುಷಿಗೆ ಕೊಡುವ ಹಣವೂ ಸೇರಿದರೆ ಸಂಪಾದನೆಗೆ ಮೋಸವಿರಲಿಲ್ಲ.

ಮೋಸವಿದ್ದದ್ದು ಅವನ ಜೇಬಿನಲ್ಲಿ. ಬೆಳಿಗ್ಗೆಯಿಂದ ಬಲಜೇಬಿಗೆ ಬಿದ್ದ ನೋಟು ಸಂಜೆ ಹೊತ್ತಿಗೆ ಅಲ್ಲಿರುತ್ತಿರಲಿಲ್ಲ. ಅವನು ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಹಾಗೇನಾದರೂ ಇದ್ದಿದ್ದರೆ ಬಯ್ಯುವುದಕ್ಕೆ ಹೆಂಡತಿಗೆ ಒಂದು ಒಳ್ಳೆಯ ಕಾರಣವಾದರೂ ಸಿಗುತ್ತಿತ್ತು. ಅವನದು ಬೇರೆ ಚಟ. ಯಾರಾದರೂ ಏನನ್ನಾದರೂ ಕೈಯಲ್ಲಿ ಹಿಡಿದು ಹೀಗೆ ಮಡಿಸಬಹುದು, ಹೀಗೆ ಬಿಡಿಸಬಹುದು ಎಂದು ತೋರಿಸಿದರೆ ಸಾಕು, ಅವನು ಕೊಂಡುಬಿಡುತ್ತಿದ್ದ. ಮನೆಯಲ್ಲಿ ಮಡಿಸುವ ಕೊಡೆಗಳೇ ನಾಲ್ಕು. ಮಳೆ ಬಂದಾಗ ಮಾತ್ರ ಒಂದೂ ಕೈಗೆ ಸಿಗುತ್ತಿರಲಿಲ್ಲ. ಬ್ಯಾಟರಿ ಹಾಕಿದರೆ ಬೂಟು ಉಜ್ಜುವ ಯಂತ್ರವೊಂದಿತ್ತು, ಮನೆಯಲ್ಲಿ ಯಾರಿಗೂ ಬೂಟಿರಲಿಲ್ಲ. ಗೋಡೆಯ ಗಡಿಯಾರದೊಳಗಿನ ಹಕ್ಕಿ ತನಗೆ ಮನಸ್ಸು ಬಂದಾಗ ಹೊರಗೆ ಬಂದು ಕೂಗುತ್ತಿತ್ತು.

ಹೆಂಡತಿ ಮನೆಯಲ್ಲೇ ಪರದೆ ಹೊಲಿಯುವವಳು. ಅಳತೆ ತಪ್ಪದ ಹೆಂಗಸು. ಅವಳು ಒಂದು ತಗಡಿನ ಡಬ್ಬ ತಂದು, ಅದಕ್ಕೆ ಗಂಡನ ಅಂಗಡಿಯಿಂದಲೇ ಒಂದು ಬೀಗ ತಂದು ಹಾಕಿ, ಮನೆ ಬಾಡಿಗೆಯ ಹಣವನ್ನು ಅದರಲ್ಲಿಡಲು ಶುರುಮಾಡಿದಳು. ಕೀಲಿಕೈ ಅವಳ ಹೊಲಿಗೆಯಂತ್ರದ ಎಣ್ಣೆ ಬುಡ್ಡಿಯ ಹಿಂದೆ. ಮೊದಲನೆಯ ವಾರವೇ ಡಬ್ಬ ಹಗುರಾಯಿತು.

"ತೆಗೀಬೇಕು ಅಂತ ತೆಗೀಲಿಲ್ಲ," ಎಂದ ಬೀಗದಣ್ಣ. "ಬೀಗ ಗಟ್ಟಿ ಇದೆಯೋ ಇಲ್ವೋ ಅಂತ ನೋಡಿದೆ. ನಿನ್ನ ಕೂದಲಿನ ಪಿನ್ನಿಗೇ ಬಿಟ್ಕೊಂಡ್ತು."

"ಸರಿ, ನೋಡಿದ್ರಿ. ಒಳಗಿದ್ದ ದುಡ್ಡು ಯಾಕೆ ಹೊರಗೆ ಬಂತು?"

"ಇಂಥ ಬೀಗ ನಂಬಿ ಕೂತ್ರೆ ಆಗುತ್ತಾ? ಅದಕ್ಕೆ ಒಳ್ಳೇದೊಂದು ತಂದೆ," ಎಂದು ಅವನು ಚೀಲದಿಂದ ಹಿತ್ತಾಳೆಯ ದೊಡ್ಡ ಬೀಗ ತೆಗೆದ. ಡಬ್ಬದೊಳಗಿನ ಹಣವೆಲ್ಲ ಡಬ್ಬದ ಬೀಗಕ್ಕೇ ಹೋಗಿತ್ತು. ಅದೂ ಅವನ ಕೈಗೆ ಎರಡು ದಿನ ತಡೆಯಿತು. ಆಮೇಲೆ ಬಂದ ಅಂಕಿಗಳ ಬೀಗವನ್ನು ಅವನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಹಾಡು ಕೇಳುವವನ ಹಾಗೆ ತಲೆಯಾಡಿಸುತ್ತ ಬಿಚ್ಚಿದ. ಹೆಂಡತಿ ಡಬ್ಬದಲ್ಲಿ ಹಣದ ಬದಲು ಅಂಗಿಯ ಗುಂಡಿಗಳನ್ನು ಹಾಕಿಡತೊಡಗಿದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ದಿನ ಕೀಲಿಕೈ ಕತ್ತರಿಸುವ ಯಂತ್ರ ಕಿರ್ರೆಂದು ಕೂಗಿ, ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತು. ಮೋಟಾರು ಸುಟ್ಟಿತ್ತು. ಹೊಸದರ ಬೆಲೆ ಕೇಳಿದ ಬೀಗದಣ್ಣ ಮೆಟ್ಟಿಲ ಮೇಲೆ ಕೂತ. ಬಲಜೇಬಿಗೆ ಕೈ ಹಾಕಿದ, ಎಡಜೇಬಿಗೆ ಹಾಕಿದ, ಎದೆಯ ಜೇಬಿಗೂ ಹಾಕಿದ. ಮೂವತ್ತು ವರ್ಷ ದುಡಿದ ಮನುಷ್ಯನ ಹತ್ತಿರ ಒಂದು ಮೋಟಾರಿನಷ್ಟು ಹಣವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು, ಅಷ್ಟು ವರ್ಷದ ಹಣ ಎಲ್ಲಿಗೆ ಹೋಯಿತೆಂದು ಹೇಳಲು ತನಗೇ ಬಾಯಿ ಬಾರದೆ ಇದ್ದದ್ದು. ಅಂದಿನಿಂದ ಅವನು ಕೀಲಿಕೈಗಳನ್ನು ಅರದಿಂದ ಕೈಯಲ್ಲೇ ಉಜ್ಜತೊಡಗಿದ. ಈಗ ಒಂದು ಆಗುವ ಹೊತ್ತಿನಲ್ಲಿ ಮೊದಲು ಐದಾರು ಆಗುತ್ತಿದ್ದವು. ಕಾದು ಬೇಸತ್ತ ಗಿರಾಕಿಗಳು ಎದುರು ಬೀದಿಗೆ ಹೋದರು.

ಅವನ ಮಗಳನ್ನು ಕೊಟ್ಟ ಮನೆ ಅದೇ ಬಡಾವಣೆಯಲ್ಲಿತ್ತು. ಅಳಿಯನ ತಾಯಿ, ಅಂದರೆ ಬೀಗಿತ್ತಿ, ಒಂದು ಲಾಂಡ್ರಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಂದೇ ಇಸ್ತ್ರಿಪೆಟ್ಟಿಗೆಯಿಂದ ಶುರುಮಾಡಿ, ಈಗ ಎರಡು ಒಗೆಯುವ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆ ತೂಗುಹಾಕುವ ಕಂಬಿ, ಎಲ್ಲ ಮಾಡಿಕೊಂಡವಳು. ಜನರ ಮುಖಕ್ಕಿಂತ ಅವರ ಜೇಬುಗಳ ಪರಿಚಯ ಆಕೆಗೆ ಹೆಚ್ಚು. ಒಗೆಯುವ ಮೊದಲು ಜೇಬು ತಡಕಬೇಕಲ್ಲ. ಸಿಕ್ಕಿದ್ದನ್ನೆಲ್ಲ ಪುಟ್ಟ ಕವರಿಗೆ ಹಾಕಿ, ಬಟ್ಟೆಯ ನಂಬರನ್ನೇ ಅದಕ್ಕೂ ಹಾಕಿ, ಮರಳಿಸುತ್ತಿದ್ದಳು. ಬಡಾವಣೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ, ಯಾರು ಯಾರಿಂದ ಏನು ಮುಚ್ಚಿಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದಳು. ಆ ನಗುವಿಗೇ ಜನ ಬೆವರುತ್ತಿದ್ದರು.

ಬೀಗದಣ್ಣ ಎರಡು ಮಾಸಿದ ಪ್ಯಾಂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಲ್ಲಿಗೆ ಹೋದ. ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಹೆಣ್ಣು ಕೊಟ್ಟವನು ಬೀಗರ ಮುಂದೆ ಕೈ ಚಾಚುವುದೆಂದರೆ ನೆಲ ಬಾಯಿಬಿಟ್ಟರೂ ಸಾಲದಷ್ಟು ನಾಚಿಕೆ. ಹವಾಮಾನದಿಂದ ಶುರುಮಾಡಿ, ಬಟ್ಟೆಯ ಸೋಪಿನ ಬೆಲೆಗೆ ಬಂದು, ಅಲ್ಲಿಂದ ಮೋಟಾರಿಗೆ ಇಳಿಯುವ ಹೊತ್ತಿಗೆ ಆಕೆಗೆ ಎಲ್ಲ ಅರ್ಥವಾಗಿತ್ತು.

"ಸಾಲ ನಾನು ಕೊಡಲ್ಲ ಬೀಗರೇ," ಎಂದಳು ಆಕೆ, ಇಸ್ತ್ರಿಯನ್ನು ಅಂಗಿಯ ತೋಳಿನ ಮೇಲೆ ಹಾಯಿಸುತ್ತ. "ಕೊಟ್ರೆ ನಾಳೆಯಿಂದ ನೀವು ಈ ಬೀದೀಲೇ ಓಡಾಡಲ್ಲ. ನನಗೆ ಗಿರಾಕಿ ಒಬ್ರು ಕಮ್ಮಿ ಆಗ್ತಾರೆ, ಸೊಸೆ ಮುಖ ಸಪ್ಪಗಾಗುತ್ತೆ. ಅದರ ಬದಲು ಒಂದು ಕೆಲಸ ಹೇಳ್ತೀನಿ, ಮಾಡ್ತೀರಾ?"

ಕೆಲಸ ವಿಚಿತ್ರವಾಗಿತ್ತು. ಒಂದು ತಿಂಗಳು ಅವನು ಏನನ್ನೂ ಬಿಡಬೇಕಾಗಿಲ್ಲ, ಏನನ್ನೂ ಬರೆಯಬೇಕಾಗಿಲ್ಲ. ಎಂದಿನ ಹಾಗೆ ಖರ್ಚು ಮಾಡಬೇಕು. ಆದರೆ ಎಲ್ಲೆಲ್ಲಿ ದುಡ್ಡು ಕೊಡುತ್ತಾನೋ ಅಲ್ಲಿಂದ ಒಂದು ಗುರುತು ಜೇಬಿಗೆ ಹಾಕಿಕೊಳ್ಳಬೇಕು; ರಸೀದಿಯೋ, ಬಾಟಲಿಯ ಮುಚ್ಚಳವೋ, ಬಸ್ಸಿನ ಟಿಕೆಟ್ಟೋ, ಏನಾದರೂ ಸರಿ. ವಾರಕ್ಕೊಮ್ಮೆ ಪ್ಯಾಂಟನ್ನು ಜೇಬು ತಡಕದೆ ತಂದು ಕೊಡಬೇಕು. ಒಗೆತಕ್ಕೆ ದುಡ್ಡು ಬೇಡ.

ಇಷ್ಟೇ ತಾನೇ ಎಂದು ಬೀಗದಣ್ಣ ಒಪ್ಪಿಕೊಂಡ. ಪುಕ್ಕಟೆ ಒಗೆತ ಎಂದರೆ ಯಾರಿಗೆ ಬೇಡ?

ತಿಂಗಳು ಮುಗಿದ ಮೇಲೆ ಒಂದು ರಜೆಯ ದಿನ, ಲಾಂಡ್ರಿಯ ಬಾಗಿಲು ಅರ್ಧ ಎಳೆದು, ಆಕೆ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದಳು. ಇಸ್ತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನಾಲ್ಕು ವಾರದ ಜೇಬುಗಳನ್ನು ಸುರಿದಳು. ಬೀಗದಣ್ಣ ಬೆಪ್ಪಾಗಿ ನೋಡಿದ. ಅವನ ಒಂದು ತಿಂಗಳು ಅಲ್ಲಿ ಗುಡ್ಡೆಯಾಗಿ ಬಿದ್ದಿತ್ತು.

ಆಕೆ ಮೂರು ರಾಶಿ ಮಾಡಲು ಹೇಳಿದಳು. ಇದಿಲ್ಲದೆ ಆಗುವುದಿಲ್ಲ ಎನ್ನುವಂಥದ್ದು ಒಂದು ಕಡೆ, ಇಲ್ಲದಿದ್ದರೂ ನಡೆಯುತ್ತಿತ್ತು ಆದರೆ ಖುಷಿ ಕೊಟ್ಟಿತು ಎನ್ನುವಂಥದ್ದು ಇನ್ನೊಂದು ಕಡೆ, ಇದನ್ನು ಯಾಕೆ ಕೊಂಡೆನೋ ನನಗೇ ತಿಳಿಯದು ಎನ್ನುವಂಥದ್ದು ಮೂರನೆಯ ಕಡೆ. ಬೇಕರಿಯ ಎಣ್ಣೆ ಹತ್ತಿದ ಕಾಗದಗಳು ಒಂದಲ್ಲ, ಎರಡಲ್ಲ. ಸಕ್ಕರೆ ಮುಟ್ಟಬೇಡಿ ಎಂದು ವೈದ್ಯರು ಹೇಳಿ ವರ್ಷವಾಗಿತ್ತು. ಬೀಗಿತ್ತಿಯ ಮಾತಿಗೆ ಕಟ್ಟುಬಿದ್ದು ಗುರುತು ಕೂಡಿಡುವ ಭರದಲ್ಲಿ ಅವನಿಗೆ ಹೆಂಡತಿಯೂ ನೋಡುತ್ತಾಳೆ ಎಂಬುದು ಹೊಳೆದಿರಲೇ ಇಲ್ಲ. ಹೆಂಡತಿ ಒಂದೊಂದೇ ಕಾಗದ ಎತ್ತಿ ಮೂಸಿ, ಇದು ಕ್ರೀಮ್ ಬನ್ನು, ಇದು ಹಣ್ಣಿನ ಕೇಕು ಎಂದು ತಣ್ಣಗೆ ಹೇಳುತ್ತ ಮೂರನೆಯ ರಾಶಿಗೆ ಹಾಕಿದಳು. ಅವನು ಎರಡನೆಯ ರಾಶಿ ಎಂದು ತೊದಲಿದ. ಆಮೇಲೆ ಟ್ಯಾಕ್ಸಿಯ ಚೀಟಿಗಳು. ಬೆಳಿಗ್ಗೆ ತಡವಾಗಿ ಎದ್ದ ತಪ್ಪಿಗೆ. ಊರವರಿಗೆಲ್ಲ ಕೊಡಿಸಿದ ಚಹಾದ ಕಾಗದದ ಲೋಟಗಳು, ಒಂದರೊಳಗೊಂದು ಸೇರಿಸಿ ಮೊಳದುದ್ದ. ಮತ್ತೊಂದು ಮಡಿಸುವ ಕೊಡೆಯ ರಸೀದಿ.

"ಐದನೇದು," ಎಂದಳು ಹೆಂಡತಿ.

ಮೂರನೆಯ ರಾಶಿಯ ಬೆಲೆಯನ್ನು ಬೀಗಿತ್ತಿ ಅವನ ಬಾಯಿಂದಲೇ ಕೂಡಿಸಿದಳು. ಮೋಟಾರಿನ ಕಾಲುಭಾಗ. ಒಂದೇ ತಿಂಗಳಲ್ಲಿ. ಹೆಂಡತಿಗೆ ಗೆದ್ದ ಸಂತೋಷ ತಡೆಯಲಾಗಲಿಲ್ಲ, ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ಶುರುಮಾಡಿದಳು. ಬೀಗಿತ್ತಿ ಅದೇ ನಗು ನಕ್ಕು, "ನಿಮ್ಮ ಕೈಚೀಲಾನೂ ಒಂದ್ಸಲ ಸುರೀರಿ, ನೋಡೋಣ," ಎಂದಳು. ಹೆಂಡತಿ ಚೀಲವನ್ನು ಎದೆಗವಚಿಕೊಂಡಳು. ಕೊನೆಗೆ ಸುರಿದಾಗ ಉದುರಿದ್ದು ಪರದೆ ಅಂಗಡಿಯ ರಿಯಾಯಿತಿ ಚೀಟಿಗಳು ಮತ್ತು ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಒಂದೇ ಬಣ್ಣದ ಲೇಸಿನ ಸುರುಳಿಗಳು. ಆ ಬಣ್ಣದ ಪರದೆ ಹೊಲಿಸಲು ಯಾರೂ ಬಂದಿರಲಿಲ್ಲ. ಆಮೇಲೆ ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಮೂವರೂ ಚಹಾ ಕುಡಿದರು, ಬೀಗಿತ್ತಿಯ ಖರ್ಚಿನಲ್ಲಿ.

ಅದೇ ಮೇಜಿನ ಮೇಲೆ ಕವರುಗಳು ಬಂದವು. ಲಾಂಡ್ರಿಯ ಕಂದು ಕವರುಗಳೇ, ಒಂದೊಂದಕ್ಕೂ ಬಟ್ಟೆಯ ಚೀಟಿ ಪಿನ್ನು ಮಾಡಿದ್ದು. ಬಾಡಿಗೆ ಒಂದು, ಅಡುಗೆಮನೆ ಒಂದು, ಕರೆಂಟು ನೀರು ಒಂದು, ಔಷಧಿ ಒಂದು, ಮೋಟಾರು ಒಂದು. ಬೀಗದಣ್ಣನಿಗೆ ತಿಂಗಳ ಸಂಬಳವಿಲ್ಲ, ದಿನಕ್ಕೊಂದು ಲೆಕ್ಕ; ಹಾಗಿರುವಾಗ ಎಷ್ಟೆಂದು ಹಂಚುವುದು ಎಂದು ಅವನು ಕೇಳಿದ. ಆಕೆಯ ಉತ್ತರ ಸರಳವಾಗಿತ್ತು. ಕಳೆದ ವರ್ಷದಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ತಿಂಗಳು ಯಾವುದು ನೆನಪು ಮಾಡಿಕೊಳ್ಳಿ, ಪ್ರತಿ ತಿಂಗಳೂ ಅಷ್ಟೇ ಬರುತ್ತದೆ ಎಂದುಕೊಂಡು ಮನೆ ನಡೆಸಿ, ಮೇಲೆ ಬಂದದ್ದು ಬಂದ ದಿನವೇ ಮೋಟಾರಿಗೆ. ಸಂಜೆ ಅಂಗಡಿ ಮುಚ್ಚುವ ಮೊದಲೇ ಹಂಚಬೇಕು, ಮನೆಗೆ ಹೋಗಿ ಹಂಚುತ್ತೇನೆ ಎಂದರೆ ದಾರಿಯಲ್ಲಿ ಅಂಗಡಿಗಳಿವೆ.

ಕೊನೆಯ ಕವರಿಗೆ ಆಕೆ ಏನೂ ಬರೆದಿರಲಿಲ್ಲ. ಇದು ಯಾವುದಕ್ಕೆ ಎಂದು ಹೆಂಡತಿ ಕೇಳಿದಳು.

"ಮಜಾಕ್ಕೆ. ಇಬ್ರಿಗೂ ಒಂದೊಂದು ಪಾಲು. ಇದರಲ್ಲಿರೋದನ್ನ ಅವರು ಕೊಡೆಗೇ ಹಾಕಲಿ, ನೀವು ಲೇಸಿಗೇ ಹಾಕಿ, ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಇದೊಂದು ಇಲ್ದೆ ಇದ್ರೆ ಮಿಕ್ಕ ಕವರೆಲ್ಲ ವಾರದೊಳಗೆ ಹರಿದುಹೋಗುತ್ತೆ."

ಇನ್ನು ಉಳಿದದ್ದು ಮೋಟಾರಿನ ಕವರನ್ನು ಎಲ್ಲಿಡುವುದು ಎಂಬ ಪ್ರಶ್ನೆ. ಮನೆಯಲ್ಲಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದು ತನ್ನ ಹತ್ತಿರ ಇರಲಿ ಎಂದಳು ಬೀಗಿತ್ತಿ. ಬೇಕಾದಾಗ ಬಂದು ತೆಗೆದುಕೊಳ್ಳಬಹುದು, ತಡೆಯಿಲ್ಲ. ಕೌಂಟರಿನ ಮುಂದೆ ನಿಂತು ಇಂಥದ್ದಕ್ಕೆ ಬೇಕು ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಆ ಕೌಂಟರಿನ ಮುಂದೆ ಯಾವಾಗಲೂ ನಾಲ್ಕು ಜನ ಇರುತ್ತಿದ್ದರು. ಯಾವ ಬೀಗವನ್ನಾದರೂ ತೆರೆಯಬಲ್ಲವನಿಗೆ ಬೀಗಿತ್ತಿಯ ಮುಂದೆ ಬಾಯಿ ತೆರೆಯಲಾಗಲಿಲ್ಲ. ಮೊದಲನೆಯ ತಿಂಗಳು ಕವರು ದಪ್ಪವಾಯಿತು. ಎರಡನೆಯ ತಿಂಗಳು ಇನ್ನಷ್ಟು.

ಮೂರನೆಯ ತಿಂಗಳು ಹಳೆ ಸಾಮಾನಿನ ಅಂಗಡಿಯ ಮುಂದೆ ಅವನ ಕಾಲು ನಿಂತಿತು. ಭೂತಗನ್ನಡಿ ಜೋಡಿಸಿದ ಒಂದು ಮೇಜುದೀಪ. ಕತ್ತು ಎತ್ತ ಬೇಕಾದರೂ ತಿರುಗುತ್ತಿತ್ತು. ಅದರ ಮೇಲೆ ರಟ್ಟಿನ ಫಲಕ: ಈ ಬೆಲೆ ಇಂದು ಮಾತ್ರ. ಸಣ್ಣ ಬೀಗಗಳ ಒಳಗನ್ನು ನೋಡಲು ಇದಕ್ಕಿಂತ ಬೇರೆ ಬೇಕೇ? ಇದು ಖರ್ಚಲ್ಲ, ಕಸುಬಿನ ಸಲಕರಣೆ ಎಂದು ತನಗೆ ತಾನೇ ಹೇಳಿಕೊಂಡ. ಮಜಾ ಕವರು ಖಾಲಿಯಾಗಿತ್ತು. ಲಾಂಡ್ರಿಗೆ ನಡೆದ.

ಅಪರೂಪಕ್ಕೆ ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಒಳಗೆ ಒಗೆಯುವ ಯಂತ್ರ ಗುಡುಗುತ್ತಿತ್ತು, ಹಬೆ ತುಂಬಿತ್ತು, ಬೀಗಿತ್ತಿಯ ಸುಳಿವಿಲ್ಲ. ಕೌಂಟರಿನ ಡ್ರಾಯರಿಗೆ ಒಂದು ಬೀಗ. ಬೀಗ ಎನ್ನುವುದಕ್ಕೂ ನಾಚಿಕೆಯಾಗುವಂಥದ್ದು. ಬೀಗದಣ್ಣನ ಬೆರಳು ತುರಿಸಿತು. ನನ್ನ ಹಣವನ್ನು ನಾನು ತೆಗೆದುಕೊಂಡರೆ ಕಳ್ಳತನವೇನಲ್ಲ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಜೇಬಿನ ತಂತಿ ಹೊರಗೆ ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರಾಯರು ತೆರೆಯಿತು.

ಒಳಗೆ ಕವರಿರಲಿಲ್ಲ. ಮಡಿಸಿದ ಕರವಸ್ತ್ರದ ಮೇಲೆ ಒಂದೇ ಒಂದು ಪೆಪ್ಪರಮೆಂಟು ಇತ್ತು.

"ತಗೊಳ್ಳಿ ಬೀಗರೇ," ಎಂಬ ದನಿ ತೂಗುಹಾಕಿದ ಹಾಸಿಗೆ ಬಟ್ಟೆಗಳ ಹಿಂದಿನಿಂದ ಬಂತು. "ಸಕ್ಕರೆ ಇಲ್ಲದ್ದೇ ತಂದಿಟ್ಟಿದ್ದೀನಿ."

ಅವನ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ಇಟ್ಟು ಎಷ್ಟು ದಿನವಾಯಿತು ಎಂದು ಸಣ್ಣ ದನಿಯಲ್ಲಿ ಕೇಳಿದ. ಕವರು ಕೊಟ್ಟ ದಿನವೇ ಇಟ್ಟದ್ದು, ನೀವು ಬರುವುದು ತಡವಾಯಿತು, ನಾನು ಎರಡನೆಯ ವಾರಕ್ಕೇ ಕಾದಿದ್ದೆ ಎಂದಳು ಆಕೆ. ಅದರಲ್ಲಿ ಹೊಗಳಿಕೆ ಇತ್ತೋ ಅಣಕವಿತ್ತೋ ಅವನಿಗೆ ತಿಳಿಯಲಿಲ್ಲ. ಹಾಗಾದರೆ ಕವರು ಎಲ್ಲಿ ಎಂದ. ಆಕೆ ಕಂಬಿಯ ತುದಿಗೆ ಬೆರಳು ಮಾಡಿದಳು. ಮಗಳ ಮದುವೆಯಲ್ಲಿ ತೊಟ್ಟ ಅವನ ಕೋಟು ಅಲ್ಲಿ ನೇತಾಡುತ್ತಿತ್ತು. ಒಗೆಯಲು ಕೊಟ್ಟು ವರ್ಷವಾದರೂ ಅವನು ಒಯ್ದಿರಲಿಲ್ಲ. ಮೋಟಾರಿನ ಹಣ ಇಷ್ಟು ದಿನವೂ ಅವನ ಕೋಟಿನ ಜೇಬಿನಲ್ಲೇ, ಬೀಗವಿಲ್ಲದೆ, ಎಲ್ಲರ ಕಣ್ಣೆದುರಿಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಈ ಕಥೆಯನ್ನು ಬಡಾವಣೆಗೆಲ್ಲ ಹಂಚುತ್ತಿದ್ದರು. ಆಕೆ ಕೋಟಿನಿಂದ ಕವರು ತೆಗೆದು ಮೇಜಿನ ಮೇಲಿಟ್ಟಳು. ಏನು ಕೊಳ್ಳಬೇಕು ಎಂದು ಕೇಳಿದಳು. ಅವನು ದೀಪದ ಗುಣಗಾನ ಮಾಡಿದ.

"ಒಳ್ಳೇ ದೀಪಾನೇ ಇರಬೇಕು. ಎರಡು ರಾತ್ರಿ ಮಲಗಿ ಎದ್ದು ಬನ್ನಿ. ಆಗಲೂ ಬೇಕು ಅನ್ನಿಸಿದ್ರೆ ನಾನೇ ಬಂದು ಚೌಕಾಸಿ ಮಾಡಿ ಕೊಡಿಸ್ತೀನಿ."

"ಬೆಲೆ ಇವತ್ತು ಮಾತ್ರ ಅಂತೆ."

"ಹಾಗಂತ ಬರ್ಕೊಂಡಿದ್ದಾರೆ."

ಎರಡು ದಿನ ಬಿಟ್ಟು ಅವನು ಅದೇ ದಾರಿಯಲ್ಲಿ ಹೋದ. ದೀಪ ಅಲ್ಲೇ ಇತ್ತು. ಇಂದು ಮಾತ್ರ ಎಂಬ ಫಲಕವೂ ಅಲ್ಲೇ ಇತ್ತು, ಬೆಲೆ ಮಾತ್ರ ಇನ್ನೂ ಸ್ವಲ್ಪ ಇಳಿದಿತ್ತು. ಅವನಿಗೆ ಅಂಗಡಿಯವನ ಮೇಲೆ ಸಿಟ್ಟು ಬಂತು, ಆಮೇಲೆ ನಗು ಬಂತು. ಮುಂದಿನ ತಿಂಗಳ ಮಜಾ ಕವರಿನಿಂದ ಅದನ್ನು ಕೊಂಡೇ ಕೊಂಡ, ಅದು ಬೇರೆ ಮಾತು. ಹತ್ತು ದಿನಕ್ಕೆ ಅದರ ಕತ್ತು ಮುರಿಯಿತು. ನಿಯಮದಂತೆ ಹೆಂಡತಿ ಏನೂ ಕೇಳಲಿಲ್ಲ. ಮುರಿದ ದೀಪದ ಮೇಲೆ ಒಗೆದ ಕಾಲುಚೀಲ ಒಣಗಿಸಿದಳು.

ಇನ್ನೇನು ಮೋಟಾರು ಬಂತು ಎನ್ನುವಾಗ ಹೆಂಡತಿಯ ದವಡೆ ಊದಿಕೊಂಡಿತು. ಹಲ್ಲು ಕೀಳಿಸಿ, ಪಕ್ಕದ್ದಕ್ಕೆ ರೂಟ್ ಕೆನಾಲ್ ಮಾಡಿಸಿ ಮನೆಗೆ ಬರುವ ಹೊತ್ತಿಗೆ ಮೋಟಾರಿನ ಕವರು ಅರ್ಧವಾಗಿತ್ತು. ಬೀಗದಣ್ಣ ಕೈಚೆಲ್ಲಿದ. ಬೀಗಿತ್ತಿಯ ಮುಂದೆ ಹೋಗಿ, ಇದೆಲ್ಲ ನಮ್ಮಂಥವರಿಗಲ್ಲ, ಮೊದಲಿನ ಹಾಗೇ ಇದ್ದಿದ್ದರೆ ಕ್ರೀಮ್ ಬನ್ನಾದರೂ ತಿನ್ನಬಹುದಿತ್ತು ಎಂದು ಗೋಳಾಡಿದ.

"ಮೊದಲಿನ ಹಾಗಿದ್ದಿದ್ರೆ ಹಲ್ಲಿಗೆ ಯಾರ ಹತ್ರ ಹೋಗ್ತಿದ್ರಿ?" ಎಂದು ಆಕೆ ಕೇಳಿದಳು. ಈ ಸಲ ನಗಲಿಲ್ಲ.

ಅವನು ಯೋಚಿಸಿದ. ವೈದ್ಯರ ಕೌಂಟರಿನಲ್ಲಿ ಹಣ ಎಣಿಸಿ ಕೊಟ್ಟಾಗ ಹೆಂಡತಿ ಊದಿದ ಕೆನ್ನೆಯಲ್ಲೇ ತನ್ನ ಕಡೆ ನೋಡಿದ್ದು ನೆನಪಾಯಿತು. ಅಂಥ ನೋಟ ಅವನು ಕಂಡು ಬಹಳ ದಿನವಾಗಿತ್ತು. ಬೀಗಿತ್ತಿ ಹೊಸ ಕವರೊಂದನ್ನು ತೆಗೆದು, ತಪ್ಪಾದದ್ದು ಇಷ್ಟೇ, ಹೇಳದೆ ಕೇಳದೆ ಬರುವ ಖರ್ಚಿಗೆ ನಾವು ಜಾಗ ಇಟ್ಟಿರಲಿಲ್ಲ ಎಂದಳು. ಬೀಗದಣ್ಣ ಅದಕ್ಕೆ 'ಹಲ್ಲು' ಎಂದೇ ಹೆಸರಿಟ್ಟ. ಆಮೇಲೆ ಆ ಮನೆಯಲ್ಲಿ ಫ್ಯಾನು ಕೆಟ್ಟರೂ, ನಲ್ಲಿ ಸೋರಿದರೂ ಹಲ್ಲುನೋವೇ.

ಕೊನೆಗೂ ಮೋಟಾರು ಬಂತು. ಬೀಗದಣ್ಣ ತಾನೇ ಜೋಡಿಸಿ, ಗುಂಡಿ ಒತ್ತಿದ. ಯಂತ್ರ ತಿರುಗಿದ ಸದ್ದಿಗೆ ಮೇಲಿನ ಮಹಡಿಯವರು ಕಿಟಕಿ ತೆರೆದು ನೋಡಿದರು. ಮೊದಲು ಕತ್ತರಿಸಿದ್ದು ಯಾವುದೋ ಹಾಸ್ಟೆಲಿನ ಕೋಣೆಯ ಕೀಲಿಕೈ. ಕಾಯುತ್ತಿದ್ದ ಹುಡುಗಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನು ಮಾತ್ರ ಬಿಸಿ ಕೀಲಿಕೈಯನ್ನು ಅಂಗೈಯಲ್ಲಿ ತುಸು ಹೊತ್ತು ಹೆಚ್ಚಾಗಿಯೇ ಹಿಡಿದುಕೊಂಡಿದ್ದ. ಎದುರು ಬೀದಿಗೆ ಹೋಗಿದ್ದ ಗಿರಾಕಿಗಳು ಎಲ್ಲರೂ ಮರಳಲಿಲ್ಲ, ಆದರೆ ಬಹಳಷ್ಟು ಜನ ಬಂದರು. ಅವನಿಗೆ ಈಗಲೂ ಬೀದಿಯಲ್ಲಿ ಏನಾದರೂ ಮಡಿಸಿ ಬಿಡಿಸಿ ತೋರಿಸಿದರೆ ಕಾಲು ನಿಲ್ಲುತ್ತದೆ. ಎಷ್ಟೋ ಸಲ ಕೊಳ್ಳುತ್ತಾನೆ ಕೂಡ. ಯಾವ ಕವರಿನಿಂದ ಎಂದು ಮಾತ್ರ ಅವನಿಗೆ ಗೊತ್ತಿರುತ್ತದೆ.

ಆ ವರ್ಷದ ಕೊನೆಗೆ ಮಗಳು ಬಸುರಿಯಾದಳು. ಸುದ್ದಿ ತಿಳಿದ ಮರುದಿನವೇ ಬೀಗದಣ್ಣ ತಾನಾಗಿಯೇ ಒಂದು ಕವರು ಕೊಂಡು, ಅದರ ಮೇಲೆ 'ತೊಟ್ಟಿಲು' ಎಂದು ಬರೆದು, ಅರ್ಧ ದಿನದ ಸಂಪಾದನೆಯನ್ನು ಅದಕ್ಕೆ ಹಾಕಿ, ಲಾಂಡ್ರಿಗೆ ತೋರಿಸಲು ಹೋದ. ಯಾರೂ ಹೇಳಿಕೊಡದೆ ಮಾಡಿದ ಮೊದಲನೆಯ ಕವರು ಅದು. ನೋಡಿದರೆ ಬೀಗಿತ್ತಿಯ ಕೌಂಟರಿನ ಮೇಲೆ ಅದೇ ಹೆಸರಿನ ಇನ್ನೊಂದು ಕವರಿತ್ತು.

ತೊಟ್ಟಿಲು ತಾಯಿಯ ಮನೆಯವರು ಕೊಡುವುದು ಎಂದು ಅವನು ವಾದಿಸಿದ. ಮಲಗುವುದು ನನ್ನ ಮನೆಯಲ್ಲಿ, ಹಾಗಾಗಿ ನಾನೇ ಕೊಡುವುದು ಎಂದು ಆಕೆ ವಾದಿಸಿದಳು. ಬಟ್ಟೆ ಕೊಡಲು ಬಂದವರು ಕಾಯುತ್ತ ನಿಂತು ಎರಡೂ ಕಡೆಯ ವಾದ ಕೇಳಿದರು. ಕೊನೆಗೆ ಯಾರ ಕವರು ಮೊದಲು ತುಂಬುತ್ತದೋ ಅವರದೇ ತೊಟ್ಟಿಲು ಎಂದು ತೀರ್ಮಾನವಾಯಿತು.

"ನಿಮ್ಮದರಲ್ಲಿ ಈಗ ಎಷ್ಟಿದೆ?" ಎಂದ ಬೀಗದಣ್ಣ, ಕತ್ತು ಚಾಚಿ.

ಬೀಗಿತ್ತಿ ಕವರಿನ ಮೇಲೆ ಇಸ್ತ್ರಿ ಮಾಡಿದ ಮೂರು ಅಂಗಿಗಳನ್ನು ಪೇರಿಸಿ, ಸರದಿಯಲ್ಲಿದ್ದ ಮುಂದಿನವರನ್ನು ಕರೆದಳು.